ಮಿನಿ ಟ್ರ್ಯಾಕ್ಟರಿಗೆ ಎಷ್ಟು ಅಡಿಯ ರೋಟವೇಟರ್?

ಮಿನಿ ಟ್ರ್ಯಾಕ್ಟರ್ ಕೊಳ್ಳುವ ಮುಂಚೆ ರೈತರು ಹತ್ತು ಕಡೆ ವಿಚಾರಿಸುತ್ತಾರೆ. ಡೀಸೆಲ್ ಎಷ್ಟು ಕುಡಿಯುತ್ತದೆ, ಫೋರ್ ವೀಲ್ ಡ್ರೈವ್ ಬೇಕೋ ಬೇಡವೋ, ಬಿಡಿಭಾಗ ತಾಲ್ಲೂಕಿನಲ್ಲೇ ಸಿಗುತ್ತದೋ, ನಾಲ್ಕು ವರ್ಷ ಬಿಟ್ಟು ಮಾರಿದರೆ ಎಷ್ಟಕ್ಕೆ ಹೋದೀತು, ಎಲ್ಲವನ್ನೂ ಕೇಳುತ್ತಾರೆ. ಅದೇ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ರೋಟವೇಟರ್ ವಿಷಯ ಬಂದಾಗ ಮಾತು ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. "ನಾಲ್ಕಡಿದೇ ತಗೊಳ್ಳಿ ಅಣ್ಣಾ, ಆರಾಮಾಗಿ ಎಳೆಯುತ್ತೆ, ಕೆಲಸಾನೂ ಬೇಗ ಮುಗಿಯುತ್ತೆ" ಎನ್ನುತ್ತಾರೆ ಅಂಗಡಿಯವರು. ಗೋದಾಮಿನಲ್ಲಿ ಇದ್ದದ್ದು ಗಾಡಿಗೆ ಏರುತ್ತದೆ. ಮುಂದೆ ಆ ಟ್ರ್ಯಾಕ್ಟರಿನ ಎಂಜಿನ್, ಡೀಸೆಲ್ ಖರ್ಚು, ತೋಟದ ಗಿಡಗಳ ಬೇರು ಮೂರೂ ಆ ಎರಡು ನಿಮಿಷದ ಮಾತಿಗೆ ಬೆಲೆ ತೆರುತ್ತಾ ಹೋಗಬೇಕಾಗುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಹಿಂದಿನ ಎರಡೂ ಟೈರುಗಳ ಗುರುತು ಮುಚ್ಚುವಷ್ಟು ಅಗಲ ಇರಬೇಕು. ಅದಕ್ಕಿಂತ ದೊಡ್ಡದು ಮಿನಿ ಟ್ರ್ಯಾಕ್ಟರಿಗೆ ಬೇಡ. ಇದಕ್ಕೆ ಕಾರಣ ಕೇವಲ ಎಚ್‌ಪಿ ಅಲ್ಲ. ಟೈರಿನ ಅಗಲ, ಸಾಲಿನ ಅಂತರ, ಮಣ್ಣಿನ ಗಟ್ಟಿತನ, ಲಿಫ್ಟಿನ ತಾಕತ್ತು ಎಲ್ಲವೂ ಸೇರಿ ಈ ಅಳತೆಯನ್ನು ತೀರ್ಮಾನಿಸುತ್ತವೆ.

ಮೊದಲು ಟೇಪು ಹಿಡಿಯಿರಿ

ಟ್ರ್ಯಾಕ್ಟರನ್ನು ಸಮತಟ್ಟಾದ ಕಣದಲ್ಲೋ ಸಿಮೆಂಟು ನೆಲದ ಮೇಲೋ ನಿಲ್ಲಿಸಿ. ಹಿಂದಿನ ಎಡ ಟೈರಿನ ಹೊರ ಅಂಚಿನಿಂದ ಬಲ ಟೈರಿನ ಹೊರ ಅಂಚಿಗೆ, ನೆಲಕ್ಕೆ ಹತ್ತಿರದಲ್ಲಿ ಅಳೆಯಿರಿ. ಟೈರು ನೆಲ ಮುಟ್ಟುವ ಜಾಗದಲ್ಲಿ ಸ್ವಲ್ಪ ಉಬ್ಬಿರುತ್ತದೆ, ಹಾಗಾಗಿ ಮೇಲ್ಭಾಗದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ಓಡುವ ಮಿನಿ ಟ್ರ್ಯಾಕ್ಟರುಗಳಲ್ಲಿ ಈ ಅಳತೆ ಸುಮಾರು 3 ಅಡಿಯಿಂದ 4 ಅಡಿಯವರೆಗೆ ಬರುತ್ತದೆ. ಬಹಳಷ್ಟು ಮಾದರಿಗಳಲ್ಲಿ ರಿಮ್ಮು ಮತ್ತು ಡಿಸ್ಕನ್ನು ತಿರುಗಿಸಿ ಕಟ್ಟಿ ಚಕ್ರಗಳ ನಡುವಿನ ಅಂತರವನ್ನು ಹೆಚ್ಚುಕಡಿಮೆ ಮಾಡಬಹುದು. ನಿಮ್ಮ ಬೆಳೆಗೆ ಬೇಕಾದ ಅಂತರಕ್ಕೆ ಚಕ್ರ ಕೂಡಿಸಿದ ಮೇಲೆ ಅಳೆಯಬೇಕು. ಷೋರೂಮಿನಿಂದ ಬಂದ ಸ್ಥಿತಿಯಲ್ಲಿ ಅಳೆದು ರೋಟವೇಟರ್ ತಂದು, ಆಮೇಲೆ ಚಕ್ರ ಅಗಲಿಸಿದರೆ ಟೈರು ಹೊರಗೆ ಉಳಿಯುತ್ತದೆ.

ರೋಟವೇಟರಿನ ಕೆಲಸದ ಅಗಲ ಈ ಅಳತೆಗೆ ಸಮವಾಗಿರಬೇಕು, ಇಲ್ಲವೇ ಎರಡೂ ಕಡೆ ಎರಡೆರಡು ಇಂಚು ಹೆಚ್ಚಿರಬೇಕು. ಕಡಿಮೆ ಇದ್ದರೆ ಏನಾಗುತ್ತದೆ? ಬ್ಲೇಡು ಸಡಿಲ ಮಾಡಿದ ಮಣ್ಣಿನ ಪಕ್ಕದಲ್ಲೇ ಟೈರು ತುಳಿದ ಪಟ್ಟಿಯೊಂದು ಗಟ್ಟಿಯಾಗಿ ಉಳಿಯುತ್ತದೆ. ಬಯಲು ಹೊಲದಲ್ಲಾದರೆ ಮುಂದಿನ ಸಾಲು ಹೊಡೆಯುವಾಗ ಅದು ಮುಚ್ಚಬಹುದು. ಗಿಡದ ಸಾಲಿನ ನಡುವೆ ಒಂದೇ ಸಲ ಹೋಗಿಬರುವ ಕಡೆ ಅದು ಹಾಗೇ ಉಳಿಯುತ್ತದೆ, ಮಳೆ ಬಿದ್ದಾಗ ನೀರು ಅದೇ ಗುರುತಿನಲ್ಲಿ ಹರಿಯುತ್ತದೆ.

ಅಗಲ ಸ್ವಲ್ಪ ಕಡಿಮೆ ಇರುವ ರೋಟವೇಟರೇ ಈಗಾಗಲೇ ಮನೆಯಲ್ಲಿದ್ದರೆ ಒಂದು ಉಪಾಯವಿದೆ. ಹಲವು ರೋಟವೇಟರುಗಳಲ್ಲಿ ಟ್ರ್ಯಾಕ್ಟರಿಗೆ ಕೂಡುವ ಕೊಂಡಿಗಳನ್ನು ಫ್ರೇಮಿನ ಮೇಲೆ ಪಕ್ಕಕ್ಕೆ ಸರಿಸಿ ಬಿಗಿಯಲು ಬರುತ್ತದೆ. ರೋಟವೇಟರನ್ನು ಬಲಕ್ಕೆ ಸರಿಸಿ ಕಟ್ಟಿದರೆ ಬಲ ಟೈರಿನ ಗುರುತು ಪೂರ್ತಿ ಅಳಿಯುತ್ತದೆ, ಎಡಗಡೆಯದು ಮಾತ್ರ ಉಳಿಯುತ್ತದೆ. ಆಗ ಹೊಲದಲ್ಲಿ ಹೋಗಿಬರುವ ಕ್ರಮ ಬಿಟ್ಟು ಬದುವಿನ ಕಡೆಯಿಂದ ಒಳಕ್ಕೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತು ಹಾಕುತ್ತಾ ಬನ್ನಿ. ಎಡ ಟೈರು ಯಾವಾಗಲೂ ಇನ್ನೂ ಹೊಡೆಯದ ನೆಲದ ಮೇಲೆಯೇ ಇರುತ್ತದೆ, ಅದರ ಗುರುತನ್ನು ಮುಂದಿನ ಸುತ್ತು ಅಳಿಸಿಹಾಕುತ್ತದೆ. ಬಲಕ್ಕೆ ಸರಿಸಿದ್ದರಿಂದ ಬದುವಿನ ಅಂಚಿಗೂ ಮರದ ಕೊಂಬೆಯ ಕೆಳಗೂ ಬ್ಲೇಡು ಹತ್ತಿರ ಹೋಗುತ್ತದೆ. ಮಾವಿನ ತೋಟದವರಿಗೆ ಇದು ಬಹಳ ಉಪಯೋಗ.

ಇನ್ನೊಂದು ಅಳತೆಯ ಮೇಲೂ ಕಣ್ಣಿರಲಿ. ಕೈಪಿಡಿಯಲ್ಲಿ ಎರಡು ಅಗಲಗಳಿರುತ್ತವೆ. ಬ್ಲೇಡು ಮಣ್ಣು ಕತ್ತರಿಸುವ ಅಗಲ ಒಂದು, ಪಕ್ಕದ ಗೇರ್ ಪೆಟ್ಟಿಗೆ ಮತ್ತು ಅಂಚಿನ ತಗಡೆಲ್ಲ ಸೇರಿದ ಒಟ್ಟು ಅಗಲ ಮತ್ತೊಂದು. ಎರಡರ ನಡುವೆ ಸುಮಾರು 15ರಿಂದ 25 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಟೈರಿಗೆ ಹೋಲಿಸುವಾಗ ಕೆಲಸದ ಅಗಲ ನೋಡಬೇಕು, ಸಾಲಿನೊಳಗೆ ನುಗ್ಗುತ್ತದೋ ಇಲ್ಲವೋ ಎಂದು ನೋಡುವಾಗ ಒಟ್ಟು ಅಗಲ ನೋಡಬೇಕು. ಅಂಗಡಿಯಲ್ಲಿ "ಮೂರೂವರೆ ಅಡಿ" ಎಂದರೆ ಅದು ಯಾವ ಅಗಲ ಎಂದು ಕೇಳಿ, ಟೇಪಿನಲ್ಲಿ ನೀವೇ ಅಳೆಯಿರಿ.

ಸಾಲಿನ ಅಂತರ ಏನು ಹೇಳುತ್ತದೆ

ಮಿನಿ ಟ್ರ್ಯಾಕ್ಟರ್ ಹುಟ್ಟಿದ್ದೇ ಸಾಲುಗಳ ನಡುವೆ ಓಡಾಡಲು. ಆದ್ದರಿಂದ ಎರಡನೆಯ ಅಳತೆ ತೋಟದಲ್ಲಿದೆ.

ಹಿಪ್ಪುನೇರಳೆಯಿಂದ ಶುರು ಮಾಡೋಣ. ಶಿಡ್ಲಘಟ್ಟ, ರಾಮನಗರ, ಕೋಲಾರದ ಕಡೆ ಜೋಡಿ ಸಾಲು ಪದ್ಧತಿಯಲ್ಲಿ ಎರಡು ಸಾಲುಗಳನ್ನು 3 ಅಡಿ ಅಂತರದಲ್ಲಿ ನೆಟ್ಟು, ಮುಂದಿನ ಜೋಡಿಗೆ 5 ಅಡಿ ಬಿಡುತ್ತಾರೆ. ಆ 5 ಅಡಿ ಬಿಟ್ಟಿರುವುದೇ ಯಂತ್ರ ಓಡಾಡಲಿ ಎಂದು. 5 ಅಡಿ ಎಂದರೆ 150 ಸೆಂ.ಮೀ. ಬುಡದಿಂದ ಎರಡೂ ಕಡೆ ತಲಾ 15 ಸೆಂ.ಮೀ. ಬಿಟ್ಟರೂ ಯಂತ್ರಕ್ಕೆ ಸಿಗುವುದು 120 ಸೆಂ.ಮೀ. ಅಷ್ಟರಲ್ಲಿ ಒಟ್ಟು ಅಗಲ ಹಿಡಿಯಬೇಕೆಂದರೆ ಕೆಲಸದ ಅಗಲ 90 ಸೆಂ.ಮೀ.ನಿಂದ 1 ಮೀಟರ್ ಒಳಗೇ ಇರಬೇಕು. 4 ಅಡಿಯ ರೋಟವೇಟರ್ ಅಲ್ಲಿ ಒಳಗೆ ಹೋಗುತ್ತದೆ, ಆದರೆ ರೆಂಬೆ ಸೀಳಿಕೊಂಡು ಹೋಗುತ್ತದೆ. ಹಿಪ್ಪುನೇರಳೆಯಲ್ಲಿ ಸೊಪ್ಪೇ ಬೆಳೆ. ಪ್ರತಿ ಕಟಾವಿನ ನಂತರ ಹೀಗೆ ಬುಡ ಸೀಳುತ್ತಾ ಹೋದರೆ ಗಿಡದ ಆಯಸ್ಸು ಕರಗುತ್ತದೆ. 5 ಅಡಿ ಸಾಲಿನ ಕಬ್ಬಿಗೂ ಇದೇ ಲೆಕ್ಕ. ಅಲ್ಲಿ ಕಬ್ಬು ಮೊಣಕಾಲುದ್ದ ಆಗುವವರೆಗೆ ಮಾತ್ರ ಅವಕಾಶ.

ವಿಜಯಪುರ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಸಾಲಿನ ನಡುವೆ 9–10 ಅಡಿ ಇರುತ್ತದೆ. ನೋಡಲು ವಿಶಾಲ ಜಾಗ. ಆದರೆ ಬಳ್ಳಿಯ ಬುಡದಲ್ಲಿ ಏರಿಸಿದ ಬೋದು, ಡ್ರಿಪ್ ಪೈಪು, ಗೊಬ್ಬರ ಹಾಕಿದ ಜಾಗ ಎಂದು ಎರಡೂ ಕಡೆ ಎರಡೆರಡು ಅಡಿ ಬಿಟ್ಟರೆ ನಡುವೆ ಉಳಿಯುವುದು 5–6 ಅಡಿ. ಇಲ್ಲಿ 1.2 ಮೀಟರ್ ಹಿಡಿಸುತ್ತದೆ. ಚಪ್ಪರದ ಎತ್ತರ ಮರೆಯಬೇಡಿ. ಟ್ರ್ಯಾಕ್ಟರಿನ ಹೊಗೆ ಕೊಳವೆ, ಮಡಚದ ರಕ್ಷಣಾ ಕಂಬಿ ಇವು ಬಳ್ಳಿಗೆ ತಗಲುತ್ತಿದ್ದರೆ ರೋಟವೇಟರ್ ಯಾವ ಅಳತೆಯದಾದರೂ ಒಂದೇ.

ಅಡಿಕೆಯ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳಬೇಕು. ಶಿಫಾರಸು ಮಾಡಿರುವ ಅಂತರ 2.7 ಮೀಟರ್, ಅಂದರೆ 9 ಅಡಿಗೆ 9 ಅಡಿ. ಅಡಿಕೆಯ ಬೇರು ಆಳಕ್ಕಿಂತ ಮೇಲುಮೇಲೆಯೇ ಹರಡುವಂಥದ್ದು, ಅದರ ದೊಡ್ಡ ಪಾಲು ಬುಡದಿಂದ ಒಂದು ಮೀಟರ್ ಒಳಗೇ ಇರುತ್ತದೆ. ಎರಡೂ ಮರಗಳಿಂದ ಒಂದೊಂದು ಮೀಟರ್ ಬಿಟ್ಟರೆ ನಡುವೆ ಉಳಿಯುವುದು 70 ಸೆಂ.ಮೀ. ಅಷ್ಟು ಸಣ್ಣ ರೋಟವೇಟರ್ ಮಿನಿ ಟ್ರ್ಯಾಕ್ಟರಿನ ಟೈರನ್ನೇ ಮುಚ್ಚುವುದಿಲ್ಲ. ಚನ್ನಗಿರಿ, ಹೊಳಲ್ಕೆರೆ, ತುಮಕೂರಿನ ಬಯಲುಸೀಮೆ ತೋಟಗಳಲ್ಲಿ ವರ್ಷಕ್ಕೆ ಎರಡು ಮೂರು ಸಲ ಅಡಿಕೆ ಸಾಲಿನ ನಡುವೆ ರೋಟರಿ ಹೊಡೆಸುವ ರೂಢಿ ಬೆಳೆದಿದೆ. ನೆಲ ಚೊಕ್ಕಟವಾಗಿ ಕಾಣುತ್ತದೆ, ನಿಜ. ಆದರೆ ಪ್ರತಿ ಸಲವೂ ಗೊಬ್ಬರ ಹೀರುವ ಎಳೆ ಬೇರುಗಳೇ ತುಂಡಾಗುತ್ತವೆ. ಗಿಡ ಚಿಕ್ಕದಿದ್ದಾಗ, ಮೊದಲ ಎರಡು ಮೂರು ವರ್ಷ, ಸಾಲಿನ ನಟ್ಟನಡುವೆ ಮೆಲ್ಲಗೆ ಹೊಡೆಸಿಕೊಳ್ಳಿ. ಆಮೇಲೆ ಕಳೆಯನ್ನು ಬೀಸುವ ಯಂತ್ರದಿಂದ ಕತ್ತರಿಸಿ ಅಲ್ಲೇ ಮುಚ್ಚಿಗೆಯಾಗಿ ಬಿಡುವುದು ಉತ್ತಮ. ಅಡಿಕೆ ತೋಟವೊಂದೇ ಇರುವವರು ರೋಟವೇಟರಿಗೆ ಹಾಕುವ ಹಣವನ್ನು ಕಳೆ ಕತ್ತರಿಸುವ ಉಪಕರಣಕ್ಕೆ ಹಾಕಲಿ ಎಂಬುದು ನನ್ನ ಸಲಹೆ.

ತೆಂಗಿನಲ್ಲಿ ಈ ಇಕ್ಕಟ್ಟಿಲ್ಲ. 25 ಅಡಿ ಅಂತರದ ತೋಟದಲ್ಲಿ ಎರಡೂ ಬುಡಗಳ ಸುತ್ತ 6 ಅಡಿ ಪಾತಿ ಬಿಟ್ಟರೂ ನಡುವೆ 13 ಅಡಿ ಉಳಿಯುತ್ತದೆ, ಎಷ್ಟು ಅಗಲದ್ದಾದರೂ ಮೂರರಿಂದ ಐದು ಸಾಲಿನಲ್ಲಿ ಮುಗಿಯುತ್ತದೆ.

ಎಚ್‌ಪಿ ಎಂದರೆ ಯಾವ ಎಚ್‌ಪಿ?

ಬಾನೆಟ್ ಮೇಲೆ ಬರೆದಿರುವುದು ಎಂಜಿನ್ನಿನ ಶಕ್ತಿ. ರೋಟವೇಟರಿಗೆ ತಲುಪುವುದು ಪಿಟಿಒ ಶಕ್ತಿ, ಅಂದರೆ ಉಪಕರಣಗಳನ್ನು ತಿರುಗಿಸಲು ಟ್ರ್ಯಾಕ್ಟರಿನ ಹಿಂಬದಿಯಲ್ಲಿರುವ ದಂಡದ ಶಕ್ತಿ. ಗೇರ್ ಪೆಟ್ಟಿಗೆ ದಾಟಿ ಹಿಂದಕ್ಕೆ ಬರುವಷ್ಟರಲ್ಲಿ ಎಂಜಿನ್ ಶಕ್ತಿಯ ಶೇ 80–88ರಷ್ಟು ಮಾತ್ರ ಉಳಿಯುತ್ತದೆ. 24 ಎಚ್‌ಪಿ ಟ್ರ್ಯಾಕ್ಟರಿನಲ್ಲಿ ಬ್ಲೇಡಿಗೆ ಸಿಗುವುದು 19–21 ಎಚ್‌ಪಿ, ಅದೂ ಎಂಜಿನ್ ಸರಿಯಾದ ವೇಗದಲ್ಲಿ ಓಡಿದರೆ. ನೇಗಿಲು, ಕಲ್ಟಿವೇಟರುಗಳಿಗೆ ಬೇಕಾದದ್ದು ಎಳೆಯುವ ಬಲ. ರೋಟವೇಟರಿಗೆ ಬೇಕಾದದ್ದು ತಿರುಗಿಸುವ ಬಲ. ಹಾಗಾಗಿ "ಐದು ಹಲ್ಲಿನ ಕಲ್ಟಿವೇಟರ್ ಎಳೆಯುತ್ತದಲ್ಲ, ಇದನ್ನೂ ಎಳೆಯುತ್ತೆ" ಎಂಬ ವಾದ ಹೊಂದುವುದಿಲ್ಲ.

ದೊಡ್ಡ ಟ್ರ್ಯಾಕ್ಟರುಗಳಲ್ಲಿ ರೂಢಿ ಹೇಗಿದೆ ನೋಡಿ. 5 ಅಡಿಗೆ 35–40 ಎಚ್‌ಪಿ, 6 ಅಡಿಗೆ 45–50 ಎಚ್‌ಪಿ, 7 ಅಡಿಗೆ 55ರ ಮೇಲೆ. ಅಂದರೆ ಅಡಿಗೆ ಏಳೆಂಟು ಎಚ್‌ಪಿ. ಮಿನಿ ರೋಟವೇಟರುಗಳು ಹಗುರ, ಆಳವೂ ಕಡಿಮೆ, ಅದಕ್ಕಾಗಿ ಅಡಿಗೆ ಆರು ಎಚ್‌ಪಿಗೆ ಇಳಿಸಿಕೊಳ್ಳಬಹುದು. ಆ ಲೆಕ್ಕದಲ್ಲಿ 15–18 ಎಚ್‌ಪಿ ಟ್ರ್ಯಾಕ್ಟರಿಗೆ 80–90 ಸೆಂ.ಮೀ., 20–22 ಎಚ್‌ಪಿಗೆ 1 ಮೀಟರ್, 24–27 ಎಚ್‌ಪಿಗೆ 1.2 ಮೀಟರ್ ಹೊಂದುತ್ತದೆ. 28–30 ಎಚ್‌ಪಿ ಇದ್ದರೆ 1.4 ಮೀಟರ್‌ವರೆಗೆ ಯೋಚಿಸಬಹುದು. ಇದು ಕೋಲಾರ, ತುಮಕೂರಿನ ಹದವಾದ ಕೆಂಪು ಗೋಡು ಮಣ್ಣಿನ ಲೆಕ್ಕ. ಗದಗ, ವಿಜಯಪುರ, ಕಲಬುರಗಿಯ ಎರೆ ಭೂಮಿಯಲ್ಲಿ ಇದರಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಿರಿ. ಎರೆ ಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಅಂಟು. ಎರಡರ ನಡುವಿನ ಹದ ಕೆಲವೇ ದಿನ ಸಿಗುತ್ತದೆ. ಆ ದಿನಗಳಲ್ಲಿ ಟ್ರ್ಯಾಕ್ಟರ್ ಏದುಸಿರು ಬಿಟ್ಟರೆ ಹಂಗಾಮೇ ತಪ್ಪುತ್ತದೆ.

"ದೊಡ್ಡದಾದರೆ ಬೇಗ ಮುಗಿಯುತ್ತದೆ" ಎಂಬ ಮಾತನ್ನು ಲೆಕ್ಕ ಹಾಕಿಯೇ ನೋಡೋಣ. 1 ಮೀಟರ್ ಅಗಲ, ಗಂಟೆಗೆ 2.5 ಕಿ.ಮೀ. ವೇಗ. ಗಂಟೆಗೆ 2,500 ಚದರ ಮೀಟರ್. ತಿರುವು, ಸಾಲಿನ ಮೇಲೆ ಸಾಲು ಬೀಳುವುದು ಎಂದು ಕಾಲು ಭಾಗ ಕಳೆದರೆ 1,875. ಎಕರೆ ಎಂದರೆ 4,047 ಚದರ ಮೀಟರ್, ಹಾಗಾಗಿ ಎಕರೆಗೆ 2 ಗಂಟೆ 10 ನಿಮಿಷ. ಅದೇ ವೇಗದಲ್ಲಿ 1.2 ಮೀಟರಿನದು 1 ಗಂಟೆ 48 ನಿಮಿಷದಲ್ಲಿ ಮುಗಿಸುತ್ತದೆ. ಉಳಿತಾಯ ಸುಮಾರು 20 ನಿಮಿಷ. ಈಗ ಟ್ರ್ಯಾಕ್ಟರಿಗೆ ಅದು ಭಾರವಾಗಿ ವೇಗ 2 ಕಿ.ಮೀ.ಗೆ ಇಳಿಯಿತು ಎನ್ನಿ. ಎಕರೆಗೆ 2 ಗಂಟೆ 15 ನಿಮಿಷ! ಚಿಕ್ಕದಕ್ಕಿಂತ ಐದು ನಿಮಿಷ ಹೆಚ್ಚು, ಡೀಸೆಲ್ ಇನ್ನೂ ಹೆಚ್ಚು, ಎಂಜಿನ್ ಬಿಸಿ ಬೇರೆ. ಮೂರ್ನಾಲ್ಕು ಎಕರೆಯ ರೈತನಿಗೆ ಆ 20 ನಿಮಿಷದ ಆಸೆ ಯಾವ ಕಾರಣಕ್ಕೂ ಬೇಕಿಲ್ಲ.

ವೇಗಕ್ಕೂ ಮಣ್ಣಿನ ನಯಕ್ಕೂ ನೇರ ಸಂಬಂಧವಿದೆ. ಬ್ಲೇಡುಗಳನ್ನು ಹೊತ್ತ ರೋಟರ್ ನಿಮಿಷಕ್ಕೆ 200 ಸುತ್ತು ತಿರುಗುತ್ತದೆ, ಅದರ ಮೇಲೆ ಬ್ಲೇಡು ಬಿಗಿಯುವ ಪ್ರತಿ ಫ್ಲ್ಯಾಂಜಿನ ಒಂದು ಮಗ್ಗುಲಿಗೆ ಮೂರು ಬ್ಲೇಡು ಎಂದಿಟ್ಟುಕೊಳ್ಳಿ. 2.5 ಕಿ.ಮೀ. ವೇಗದಲ್ಲಿ ಒಂದೊಂದು ಬ್ಲೇಡು ಕಚ್ಚುವ ಮಣ್ಣು 7 ಸೆಂ.ಮೀ., 4 ಕಿ.ಮೀ.ಗೆ ಏರಿಸಿದರೆ 11 ಸೆಂ.ಮೀ. ಮೊದಲನೆಯದು ತರಕಾರಿ ಮಡಿಗೆ ಸರಿ, ಎರಡನೆಯದು ರಾಗಿ, ಜೋಳದ ಹೊಲಕ್ಕೆ ಸಾಕು. ಕೊಳ್ಳುವ ಟ್ರ್ಯಾಕ್ಟರಿನಲ್ಲಿ ಗಂಟೆಗೆ 2 ಕಿ.ಮೀ. ಆಸುಪಾಸಿನಲ್ಲಿ ತೆವಳುವ ಗೇರು ಇದೆಯೇ ಎಂದು ನೋಡಬೇಕಾದ್ದು ಇದಕ್ಕೇ. ಇಲ್ಲದಿದ್ದರೆ ಚಾಲಕರು ಕ್ಲಚ್ ಅರ್ಧ ಒತ್ತಿಕೊಂಡು ಓಡಿಸುತ್ತಾರೆ, ಕ್ಲಚ್ ಪ್ಲೇಟ್ ಸವೆದು ಕೈಗೆ ಬರುತ್ತದೆ.

ನಯ ಮಾಡುವ ಆಸೆಗೂ ಒಂದು ಮಿತಿ ಇರಲಿ. ಮಿನಿ ಟ್ರ್ಯಾಕ್ಟರಿನಲ್ಲಿ 4–5 ಇಂಚು ಆಳ ಸಾಕು. ವರ್ಷವೆಲ್ಲ ಅದೇ ಆಳಕ್ಕೆ ಹೊಡೆಯುತ್ತಿದ್ದರೆ ಬ್ಲೇಡಿನ ತಳ ಉಜ್ಜಿ ಉಜ್ಜಿ ಕೆಳಗೆ ಗಟ್ಟಿಪದರ ಕೂರುತ್ತದೆ. ನೀರು ಇಳಿಯುವುದಿಲ್ಲ, ಬೇರೂ ಇಳಿಯುವುದಿಲ್ಲ. ಕೆಂಪು ಮಣ್ಣನ್ನು ಹಿಟ್ಟಿನಂತೆ ಪುಡಿ ಮಾಡಿಟ್ಟರೆ ಮೊದಲ ಜೋರು ಮಳೆಗೆ ಮೇಲೆ ಹೆಪ್ಪುಗಟ್ಟಿ ಮೊಳಕೆ ಏಳುವುದಿಲ್ಲ, ಇಳಿಜಾರಿದ್ದರೆ ಮಣ್ಣೇ ಕೊಚ್ಚಿಹೋಗುತ್ತದೆ. ವರ್ಷಕ್ಕೊಮ್ಮೆಯಾದರೂ ನೇಗಿಲಿನಿಂದ ಆಳವಾಗಿ ಮಾಗಿ ಉಳುಮೆ ಮಾಡಿಸಿ.

ತೂಕ, ಕೊಂಡಿ, ಶಾಫ್ಟು

ರೋಟವೇಟರ್ ಟ್ರ್ಯಾಕ್ಟರಿನ ಹಿಂದೆ ತೂಗಾಡುವ ತೂಕ. ನೆಲದಲ್ಲಿದ್ದಾಗ ಅದು ಕಾಣುವುದಿಲ್ಲ, ಎತ್ತಿದಾಗ ಕಾಣುತ್ತದೆ. 250 ಕೆ.ಜಿ.ಯ ರೋಟವೇಟರಿನ ಭಾರ ಹಿಂದಿನ ಆಕ್ಸಲಿನಿಂದ 1.1 ಮೀಟರ್ ಹಿಂದಿದೆ, ಮುಂದಿನ ಹಿಂದಿನ ಚಕ್ರಗಳ ನಡುವೆ ಒಂದೂವರೆ ಮೀಟರ್ ಇದೆ ಎನ್ನಿ. ಎತ್ತಿದ ಕ್ಷಣ ಮುಂದಿನ ಚಕ್ರಗಳ ಮೇಲಿನ ಭಾರ ಸುಮಾರು 180 ಕೆ.ಜಿ. ಇಳಿಯುತ್ತದೆ. ಏಳೆಂಟು ನೂರು ಕೆ.ಜಿ. ತೂಗುವ ಪುಟ್ಟ ಟ್ರ್ಯಾಕ್ಟರಿಗೆ ಇದು ಸಣ್ಣ ಮಾತಲ್ಲ. ಬದು ಹತ್ತುವಾಗ ಮುಂಭಾಗ ಹಗುರಾಗಿ ಸ್ಟಿಯರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಮುಂದೆ ತೂಕದ ಬಿಲ್ಲೆಗಳನ್ನು ಹಾಕಲು ಜಾಗವಿದ್ದರೆ ರೋಟವೇಟರ್ ಜೊತೆಗೇ ಅವನ್ನೂ ಕೊಳ್ಳಿ. ಲಿಫ್ಟ್ ಎಷ್ಟು ಕೆ.ಜಿ. ಎತ್ತುತ್ತದೆ ಎಂದು ಕೈಪಿಡಿಯಲ್ಲಿ ಬರೆದಿರುವುದು ಸಾಮಾನ್ಯವಾಗಿ ಕೆಳಕೊಂಡಿಗಳ ತುದಿಯಲ್ಲಿ ಅಳೆದ ಲೆಕ್ಕ. ರೋಟವೇಟರಿನ ಭಾರ ಅದಕ್ಕಿಂತ ಹಿಂದೆ ಇರುವುದರಿಂದ ನಿಜವಾಗಿ ಎತ್ತುವುದು ಅದಕ್ಕಿಂತ ಕಡಿಮೆ.

ಕೊಂಡಿಯ ಅಳತೆಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ಈ ವರ್ಗದ ಟ್ರ್ಯಾಕ್ಟರುಗಳಲ್ಲಿ ಕೆಟಗರಿ 1 ಎಂಬ ಅಳತೆ ಸಾಮಾನ್ಯ. ಕೆಳಪಿನ್ನು 22 ಮಿ.ಮೀ., ಮೇಲಿನ ಟಾಪ್ ಲಿಂಕ್ ಪಿನ್ನು 19 ಮಿ.ಮೀ. ಬಹಳ ಕಿರಿದಾದ ಮಾದರಿಗಳಲ್ಲಿ 1ಎನ್ ಎಂಬುದಿರುತ್ತದೆ. ಪಿನ್ನು ಅದೇ ಗಾತ್ರ, ಆದರೆ ಎರಡು ಕೆಳಕೊಂಡಿಗಳ ನಡುವಿನ ಜಾಗ ಕಿರಿದು. ಟ್ರ್ಯಾಕ್ಟರ್ ಒಂದು, ರೋಟವೇಟರ್ ಇನ್ನೊಂದು ಅಳತೆಯದಾದರೆ ವೆಲ್ಡಿಂಗ್ ಅಂಗಡಿಯಲ್ಲಿ ಬಗ್ಗಿಸಿ, ಕತ್ತರಿಸಿ ಕೂರಿಸುತ್ತಾರೆ. ಹಾಗೆ ಮಾಡಿಸಬೇಡಿ. ಕೊಂಡಿ ಓರೆಯಾದರೆ ಪಿಟಿಒದಿಂದ ರೋಟವೇಟರಿಗೆ ಬಲ ಒಯ್ಯುವ ಶಾಫ್ಟೂ ಓರೆಯಾಗುತ್ತದೆ.

ಆ ಶಾಫ್ಟಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಪಿಟಿಒ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಶಾಫ್ಟು ಬಾಗಿ ತಿರುಗುವ ಕೀಲಿನ, ಅಂದರೆ ಕ್ರಾಸಿನ ಬಳಿ ದಪ್ಪ ಏಳು ಸೆಂ.ಮೀ. ಇದ್ದರೂ ಒಂದು ಸೆಕೆಂಡಿನಲ್ಲಿ ಸುಮಾರು ಎರಡು ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್ ಪೂರ್ತಿ ಒಳಗೆ ಹೋಗಲು ಒಂದು ಸೆಕೆಂಡೂ ಬೇಡ. ಪಂಚೆ, ಸೀರೆಯ ಸೆರಗು, ದುಪ್ಪಟ್ಟಾ ಯಾವುದಾದರೂ ಅಷ್ಟೇ. ಹೊಸ ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವಚ ಇರುತ್ತದೆ, ಗ್ರೀಸು ಹಾಕಲು ಅಡ್ಡಿ ಎಂದು ಅದನ್ನು ಮೊದಲ ವಾರದಲ್ಲೇ ಕಿತ್ತೆಸೆಯುತ್ತಾರೆ. ಅದನ್ನು ಕೀಳಬಾರದು, ಮುರಿದರೆ ಹೊಸದು ಹಾಕಿಸಬೇಕು. ಬ್ಲೇಡಿಗೆ ಬಳ್ಳಿ, ಡ್ರಿಪ್ ಪೈಪು ಸುತ್ತಿಕೊಂಡಾಗ ಎಂಜಿನ್ ಆರಿಸಿ, ಕೀಲಿ ತೆಗೆದುಕೊಂಡೇ ಇಳಿಯಬೇಕು. ಎತ್ತಿದ ರೋಟವೇಟರಿನ ಕೆಳಗೆ ಕೈ ಹಾಕುವ ಮುಂಚೆ ಮರದ ದಿಮ್ಮಿ ಕೊಡಬೇಕು. ಮಕ್ಕಳನ್ನು ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ರೋಟರಿ ಹೊಡೆಯುವುದನ್ನು ಎಲ್ಲ ಊರಲ್ಲೂ ನೋಡುತ್ತೇವೆ. ದಯವಿಟ್ಟು ಬೇಡ.

ಶಾಫ್ಟಿನ ಉದ್ದವೂ ಟ್ರ್ಯಾಕ್ಟರಿಗೆ ತಕ್ಕಂತೆ ಇರಬೇಕು. ಒಂದರೊಳಗೊಂದು ಜಾರುವ ಅದರ ಎರಡು ಕೊಳವೆಗಳು ಕೆಲಸದ ಸ್ಥಿತಿಯಲ್ಲಿ ಕಡೇ ಪಕ್ಷ ಮೂರನೇ ಒಂದು ಭಾಗದಷ್ಟು ಒಳಗಿರಬೇಕು, ರೋಟವೇಟರ್ ಎತ್ತಿದಾಗ ತಳ ಮುಟ್ಟಿ ಒತ್ತಬಾರದು. ಉದ್ದವಾಗಿದ್ದರೆ ಎರಡೂ ಕೊಳವೆಗಳನ್ನು ಸಮನಾಗಿ ಕತ್ತರಿಸಬೇಕು. ತಿರುವಿನಲ್ಲಿ ಮೇಲೆತ್ತುವಾಗ ಪಿಟಿಒ ನಿಲ್ಲಿಸುವ ಅಭ್ಯಾಸವಿರಲಿ. ಶಾಫ್ಟು ಕಡಿದಾದ ಕೋನದಲ್ಲಿ ತಿರುಗಿದರೆ ಕ್ರಾಸ್ ಬೇಗ ಒಡೆಯುತ್ತದೆ.

ಬ್ಲೇಡು, ಗೇರು

ರೋಟವೇಟರಿನ ಮೂಲ ಆಸ್ಟ್ರೇಲಿಯಾದ್ದು. ಆರ್ಥರ್ ಕ್ಲಿಫರ್ಡ್ ಹೊವಾರ್ಡ್ ಎಂಬವರು 1912ರಲ್ಲಿ ನ್ಯೂ ಸೌತ್ ವೇಲ್ಸ್‌ನ ಗಿಲ್‌ಗಾಂಡ್ರದಲ್ಲಿ, ತಂದೆಯ ಜಮೀನಿನಲ್ಲಿದ್ದ ಸ್ಟೀಮ್ ಎಂಜಿನ್ನಿನ ಬಲದಿಂದ ಮಣ್ಣು ಸಡಿಲಿಸುವ ಪ್ರಯೋಗ ಶುರು ಮಾಡಿದರು. ಮೊದಮೊದಲು ಅದು ಮಣ್ಣನ್ನು ಪಕ್ಕಕ್ಕೆ ಎರಚುತ್ತಿತ್ತು. ಅಗಲ ಅಂತರದ ಫ್ಲ್ಯಾಂಜುಗಳಿಗೆ ಎಲ್ ಆಕಾರದ ಬ್ಲೇಡು ಕೂರಿಸಿದ ಮೇಲೆ ಆ ತೊಂದರೆ ತಪ್ಪಿತು, 1920ರಲ್ಲಿ ಪೇಟೆಂಟ್ ಆಯಿತು. ನಮ್ಮ ಒಣಬೇಸಾಯಕ್ಕೆ, ಕಳೆ ಹೆಚ್ಚಿರುವ ಜಾಗಕ್ಕೆ ಇವತ್ತಿಗೂ ಆ ಎಲ್ ಬ್ಲೇಡೇ ಸರಿ. ಅಂಟು ಮಣ್ಣಿಗೆ, ಗದ್ದೆಗೆ ಹೆಚ್ಚು ಬಾಗಿದ ಸಿ ಅಥವಾ ಜೆ ಬ್ಲೇಡು ಒಳ್ಳೆಯದು; ಮಣ್ಣು ಕಡಿಮೆ ಮೆತ್ತುತ್ತದೆ, ಎಂಜಿನ್ನಿಗೂ ಹಗುರ.

ಬ್ಲೇಡುಗಳನ್ನು ರೋಟರ್ ಮೇಲೆ ಸುರುಳಿಯಾಗಿ ಹೊಂದಿಸಿರುತ್ತಾರೆ, ಒಂದಾದ ಮೇಲೊಂದು ನೆಲಕ್ಕೆ ಬೀಳಲಿ ಎಂದು. ಸವೆದ ಬ್ಲೇಡು ಬದಲಿಸುವಾಗ ಎಡ–ಬಲ ಅದಲುಬದಲಾದರೆ ಈ ಕ್ರಮ ಕೆಟ್ಟು ಟ್ರ್ಯಾಕ್ಟರ್ ಜಗ್ಗತೊಡಗುತ್ತದೆ. ಬಿಚ್ಚುವ ಮುಂಚೆ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಟ್ರ್ಯಾಕ್ಟರಿಗೆ ಭಾರ ಎನಿಸಿದರೆ ಎರಡೂ ತುದಿಯ ಬ್ಲೇಡುಗಳನ್ನು ಬಿಚ್ಚಿ ಹೊಡೆಯುವವರಿದ್ದಾರೆ. ಭಾರ ಇಳಿಯುತ್ತದೆ, ಒಟ್ಟು ಅಗಲ ಇಳಿಯುವುದಿಲ್ಲ, ಟೈರಿನ ಗುರುತು ಮಾತ್ರ ಹೊರಗೆ ಬೀಳುತ್ತದೆ.

ರೋಟರ್ ತಿರುಗಿಸಲು ಪಕ್ಕದಲ್ಲಿ ಚೈನ್ ಇರುವ ರೋಟವೇಟರ್ ಹಗುರ, ಅಗ್ಗ. ಗೇರ್ ಇರುವುದು ಭಾರ, ಬೆಲೆಯೂ ಹೆಚ್ಚು. ಬರೀ ತರಕಾರಿ ಮಡಿಗಾದರೆ ಚೈನ್ ಸಾಕು. ಕಲ್ಲು, ಜಂಬಿಟ್ಟಿಗೆ ಇರುವ ನೆಲಕ್ಕೆ ಗೇರ್ ಇರುವುದನ್ನೇ ಆರಿಸಿ.

ಸಹಾಯಧನ ಮತ್ತು ಪರೀಕ್ಷೆ

ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರವರೆಗೆ, ನಿಗದಿತ ಮಿತಿಯೊಳಗೆ ಸಹಾಯಧನ ಸಿಗುತ್ತದೆ. ಮಿತಿಯ ಮೊತ್ತ ಆಯಾ ವರ್ಷದ ಆದೇಶದ ಮೇಲೆ ನಿಂತಿರುವುದರಿಂದ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೇ ಕೇಳಿ. ಅನುಮೋದಿತ ಪಟ್ಟಿಯಲ್ಲಿ ನಿಮಗೆ ಬೇಕಾದ ಅಗಲ ಇಲ್ಲ ಎಂದು ದೊಡ್ಡದಕ್ಕೆ ಒಪ್ಪಿಕೊಳ್ಳಬೇಡಿ, ಬೇರೆ ಕಂಪನಿಯ ಅದೇ ಅಗಲದ್ದು ಹುಡುಕಿ. ಆಂಧ್ರದ ಅನಂತಪುರ ಬಳಿಯ ಗಾರ್ಲದಿನ್ನೆ, ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಗಳಿವೆ. ಅಂಥ ಸಂಸ್ಥೆಯ ಪರೀಕ್ಷಾ ವರದಿ ತೋರಿಸಿ ಎಂದು ಡೀಲರನ್ನು ಕೇಳುವುದು ನಿಮ್ಮ ಹಕ್ಕು. ಬೆಂಗಳೂರಿನ ಜಿಕೆವಿಕೆ, ಧಾರವಾಡದ ಕೃಷಿ ಮೇಳಗಳಲ್ಲಿ ಹಲವು ಅಳತೆಗಳನ್ನು ಒಂದೇ ಕಡೆ ಮುಟ್ಟಿ ನೋಡಬಹುದು. ಬಿಲ್ಲಿನಲ್ಲಿ ಕೆಲಸದ ಅಗಲವನ್ನು ಸೆಂ.ಮೀ.ನಲ್ಲಿ ಬರೆಸಿಕೊಳ್ಳಿ.

ಹಣ ಕೊಡುವ ಮುಂಚೆ ನಿಮ್ಮ ಹೊಲದಲ್ಲೇ ಓಡಿಸಿ ನೋಡಬೇಕು. ಡೀಲರ್ ಒಪ್ಪದಿದ್ದರೆ ಅದೇ ಅಳತೆಯದನ್ನು ಊರಿನವರಿಂದಲೋ, ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಮಿನಿ ರೋಟವೇಟರ್ ಸಿಕ್ಕರೆ ಅಲ್ಲಿಂದಲೋ ಬಾಡಿಗೆಗೆ ತನ್ನಿ. ಹೊಲದ ಅತ್ಯಂತ ಗಟ್ಟಿ ಜಾಗ ಆರಿಸಿ. ಮಣ್ಣು ಹದದಲ್ಲಿರಬೇಕು: ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಟ್ಟರೆ ಒಡೆಯಬೇಕು, ಹಾಗೇ ಉಳಿದರೆ ಇನ್ನೂ ಹಸಿ. ಮೀಟರಿನಲ್ಲಿ 540 ಎಂದು ಗುರುತಿರುವ ಕಡೆ ಎಂಜಿನ್ ವೇಗ ಹಿಡಿದಿಟ್ಟು, ತೆವಳುವ ಗೇರಿನಲ್ಲಿ, 4 ಇಂಚು ಆಳಕ್ಕೆ ಐವತ್ತು ಮೀಟರ್ ಹೊಡೆಯಿರಿ. ಮುಳ್ಳು ಗುರುತಿಗಿಂತ ಹತ್ತನೇ ಒಂದು ಭಾಗಕ್ಕೂ ಹೆಚ್ಚು ಕೆಳಗಿಳಿದು ಅಲ್ಲೇ ನಿಂತರೆ, ಹೊಗೆ ಕಪ್ಪಾಗಿ ಬರುತ್ತಲೇ ಇದ್ದರೆ, ಆ ಅಗಲ ನಿಮ್ಮ ಟ್ರ್ಯಾಕ್ಟರಿಗೆ ಹೆಚ್ಚು. ಆಮೇಲೆ ಎಂಜಿನ್ ಆರಿಸಿ ಇಳಿದು, ಸಾಲಿಗೆ ಅಡ್ಡಲಾಗಿ ಒಂದು ಗೆರೆ ಹಿಡಿದು ಸಡಿಲ ಮಣ್ಣನ್ನು ಕೈಯಿಂದ ಸರಿಸಿ. ತಳದ ಗಟ್ಟಿನೆಲ ಎಡದಿಂದ ಬಲಕ್ಕೆ ಒಂದೇ ಮಟ್ಟದಲ್ಲಿರಬೇಕು. ಒಂದು ಕಡೆ ಆಳ, ಒಂದು ಕಡೆ ಮೇಲೆ ಇದ್ದರೆ ಕೆಳಕೊಂಡಿಗಳ ಎತ್ತರ ಸರಿಪಡಿಸಿ. ಹೆಂಟೆ ನಿಂಬೆಹಣ್ಣಿಗಿಂತ ದೊಡ್ಡದಿದ್ದರೆ ಹಿಂದಿನ ತಗಡನ್ನು ಸ್ವಲ್ಪ ಇಳಿಸಿ, ಮತ್ತೊಮ್ಮೆ ಹೊಡೆದು ನೋಡಿ. ಅಂಚುಗಳಲ್ಲಿ ಟೈರಿನ ಗಟ್ಟಿ ಗುರುತು ಎರಡೂ ಕಡೆ ಅಳಿದಿದೆಯೇ ನೋಡಿ.

ಕೊಂಡು ತಂದ ಮೇಲೆ ಮೊದಲ ಒಂದು ಗಂಟೆ ಹೊಡೆದು ನಿಲ್ಲಿಸಿ, ಬ್ಲೇಡಿನ ಎಲ್ಲ ಬೋಲ್ಟುಗಳನ್ನೂ ಮತ್ತೆ ಬಿಗಿಯಿರಿ. ಹೊಸ ಬೋಲ್ಟುಗಳು ಮೊದಲ ಅದುರಿಗೆ ಸಡಿಲವಾಗುತ್ತವೆ, ಗೇರ್ ಪೆಟ್ಟಿಗೆಯ ಎಣ್ಣೆಯ ಮಟ್ಟವನ್ನೂ ಅದೇ ಹೊತ್ತಿಗೆ ನೋಡಿಬಿಡಿ.